ಸಿಡಿಸುವ ಮೊದಲೇ ಡಿಟೋನೇಟರ್ ಉತ್ತರ ಕೊಡಬೇಕು

ಕ್ವಾರಿ, ಗಣಿಗಳಲ್ಲಿ ಬಂಡೆಗೆ ಕೊರೆದ ಕುಳಿಯೊಳಗಿನ ಸ್ಫೋಟಕವನ್ನು ಸಿಡಿಸುವ ಚಿಕ್ಕ ಸಾಧನ ಡಿಟೋನೇಟರ್. ಭಾರತ 2025ರ ಏಪ್ರಿಲ್ 1ರಿಂದ ಕರೆಂಟಿನಿಂದ ಸಿಡಿಯುವ ಎಲೆಕ್ಟ್ರಿಕ್ ಡಿಟೋನೇಟರ್‌ಗಳನ್ನು ನಿಷೇಧಿಸಿದ್ದು ಒಳ್ಳೆಯದೇ ಆಯಿತು. ಬ್ಲಾಸ್ಟರ್ (ಸಿಡಿಸುವ ಹೊಣೆ ಹೊತ್ತವನು) ಕೊಟ್ಟ ಕರೆಂಟಿಗೂ ಯಂತ್ರದಿಂದ ಸೋರಿದ ಕರೆಂಟಿಗೂ ಅದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಈಗಿನ ಪ್ರಶ್ನೆ, ಆ ಜಾಗಕ್ಕೆ ಯಾವುದು ಬರಬೇಕು? ನನ್ನ ಮಟ್ಟಿಗೆ ಶಾಕ್ ಟ್ಯೂಬ್, ಅಂದರೆ ಕರೆಂಟಿನ ಬದಲು ಆಘಾತದ ಅಲೆಯಿಂದ ಡಿಟೋನೇಟರನ್ನು ಸಿಡಿಸುವ ಸಪೂರ ಪ್ಲಾಸ್ಟಿಕ್ ಕೊಳವೆ, ಅರ್ಧ ದಾರಿ ಮಾತ್ರ.

ಶಾಕ್ ಟ್ಯೂಬಿನೊಳಗೆ ಅಲೆ ಸೆಕೆಂಡಿಗೆ ಸುಮಾರು 2,000 ಮೀಟರ್ ವೇಗದಲ್ಲಿ ಓಡುತ್ತದೆ. ಸೋರಿಕೆ ಕರೆಂಟಿಗೆ ಅದು ಜಗ್ಗುವುದಿಲ್ಲ, ಆದರೆ ಮೀಟರ್ ಹಿಡಿದು ಪರೀಕ್ಷಿಸಲೂ ಬರುವುದಿಲ್ಲ. ಕುಳಿಯ ಬಾಯಿ ಮುಚ್ಚುವಾಗ ಚೂಪು ಕಲ್ಲು ಟ್ಯೂಬನ್ನು ಕತ್ತರಿಸಿದ್ದರೂ, ತೆರೆದ ತುದಿಯಿಂದ ನೀರು ಹೊಕ್ಕಿದ್ದರೂ ಮೇಲಿನಿಂದ ಎಲ್ಲ ಸರಿಯಾಗಿಯೇ ಕಾಣುತ್ತದೆ. ಇನ್ನು ಮೊದಲು ಸಿಡಿದ ಕುಳಿಯ ಬಂಡೆ ಸರಿದು, ಅಲೆ ತಲುಪುವ ಮೊದಲೇ ಪಕ್ಕದ ಟ್ಯೂಬ್ ತುಂಡಾಗುವುದೂ ಉಂಟು. ಹಾಗೆ ಸಿಡಿಯದೆ ಉಳಿದ ಜೀವಂತ ಪ್ರೈಮರ್ (ಡಿಟೋನೇಟರ್ ಕೂಡಿಸಿದ ಸ್ಫೋಟಕ) ಕಲ್ಲುರಾಶಿಯಲ್ಲಿ ಅಡಗಿ ಕೂರುತ್ತದೆ. ಎಷ್ಟೋ ಸಲ ಅದನ್ನು ಪತ್ತೆ ಹಚ್ಚುವುದು ಎಕ್ಸ್‌ಕವೇಟರ್ ಬಕೆಟ್ಟೇ.

ಎಲೆಕ್ಟ್ರಾನಿಕ್ ಡಿಟೋನೇಟರ್ ಹಳೆಯ ಎಲೆಕ್ಟ್ರಿಕ್‌ಗಿಂತ ಬೇರೆಯದೇ. ಅದರಲ್ಲಿ ಚಿಪ್ ಇದೆ, ಪ್ರತಿಯೊಂದಕ್ಕೂ ತನ್ನದೇ ಗುರುತು ಸಂಖ್ಯೆ ಇದೆ. ಲಾಗರ್ ಎಂಬ ಪರೀಕ್ಷಾ ಉಪಕರಣ ಒಂದೊಂದನ್ನೂ ಕೂಗಿ ಕರೆಯುತ್ತದೆ. ಓಗೊಡದ ಕುಳಿ ಯಾವುದು, ವೈರು ಎಲ್ಲಿ ಸೋರುತ್ತಿದೆ ಎಂಬುದು ಸಿಡಿಸುವ ಮೊದಲೇ ತಿಳಿಯುತ್ತದೆ. ಮಾರುವವರು ಹೆಚ್ಚಾಗಿ ಹೊಗಳುವುದು ಸಮಯದ ನಿಖರತೆಯನ್ನು. ಅದೂ ನಿಜವೇ: ಮದ್ದು ಉರಿದು ಕಾಲ ಅಳೆಯುವ ಡಿಟೋನೇಟರ್ ಕೆಲವು ಮಿಲಿಸೆಕೆಂಡು ಆಚೀಚೆ ಆಗುತ್ತದೆ, 8 ಮಿಲಿಸೆಕೆಂಡು ಅಂತರವಿರಬೇಕಾದ ಎರಡು ಕುಳಿಗಳು ಒಟ್ಟಿಗೇ ಸಿಡಿದರೆ ಸುತ್ತಲಿನ ಮನೆಗಳಿಗೆ ಕಂಪನ ಹೆಚ್ಚುತ್ತದೆ. ಆದರೂ ನನ್ನ ಪಾಲಿಗೆ ಆ ಮೊದಲ ಉತ್ತರವೇ ದೊಡ್ಡ ಲಾಭ.

ಹಾಗೆಂದು ಇದನ್ನು ನಂಬಿ ಮೈಮರೆಯುವಂತಿಲ್ಲ. ಸಿಡಿಸುವ ಶಕ್ತಿಯನ್ನು ಕೂಡಿಡುವ ಅದರೊಳಗಿನ ಕೆಪಾಸಿಟರ್, ಸಿಡಿಯದೆ ಉಳಿದಾಗಲೂ ಚಾರ್ಜ್ ಹಿಡಿದಿಟ್ಟುಕೊಂಡಿರಬಹುದು. ಆದ್ದರಿಂದಲೇ ಅಮೆರಿಕದ ಗಣಿ ಸುರಕ್ಷತಾ ನಿಯಮದಲ್ಲಿ, ಮಿಸ್‌ಫೈರ್ ಅನುಮಾನ, ಅಂದರೆ ಯಾವುದೋ ಕುಳಿ ಸಿಡಿದಿಲ್ಲವೆಂಬ ಶಂಕೆ, ಬಂದರೆ ಎಲೆಕ್ಟ್ರಾನಿಕ್‌ಗೆ ಕನಿಷ್ಠ 30 ನಿಮಿಷ ಕಾಯಬೇಕು, ತಯಾರಕರು ಹೆಚ್ಚು ಹೇಳಿದ್ದರೆ ಅಷ್ಟು ಹೊತ್ತು. ಶಾಕ್ ಟ್ಯೂಬಿಗೆ 15 ನಿಮಿಷ. ಎರಡನ್ನೂ ಬಳಸಿದ ಕೆಲಸಗಾರರು ಹಳೆಯ ಅಭ್ಯಾಸದಂತೆ ಕಾಲು ಗಂಟೆಗೇ ಒಳಗೆ ಕಾಲಿಡಬಾರದು.

ಖರ್ಚಿನ ಕಾರಣಕ್ಕೆ ಶಾಕ್ ಟ್ಯೂಬಿಗೇ ಅಂಟಿಕೊಳ್ಳುವ ಸಣ್ಣ ಕ್ವಾರಿಗಳು ಇಷ್ಟಾದರೂ ಮಾಡಲಿ: ಜೋಡಣೆ ಮಾಡಿದವನನ್ನು ಬಿಟ್ಟು ಅರ್ಹತೆಯುಳ್ಳ ಇನ್ನೊಬ್ಬ, ನಕ್ಷೆ ಹಿಡಿದು ಪ್ರತಿ ಕನೆಕ್ಟರನ್ನೂ ನೋಡಿಕೊಂಡು ಬರಲಿ. ಸಿಡಿದ ಮೇಲೆ ಬ್ಲಾಸ್ಟರ್ ರಾಶಿಯನ್ನು ಪರಿಶೀಲಿಸಿ ಲಿಖಿತ ಒಪ್ಪಿಗೆ ಕೊಡುವ ತನಕ ಯಂತ್ರ ಒಳಗೆ ಬರಬಾರದು.