ಪರ-ವಿರೋಧ: ಅಮೆರಿಕ ಹುಟ್ಟಿದ್ದು ಬ್ರಿಟನ್ ಹಾಕಿದ ತೆರಿಗೆಯಿಂದಲೇ?

ಪರ: ಹೌದು, ಕೇಳದೆ ಹಾಕಿದ ತೆರಿಗೆಯಿಂದಲೇ

1765ಕ್ಕೆ ಮುಂಚೆ, ಮುಂದೆ ಅಮೆರಿಕವಾದ ಆ ಹದಿಮೂರು ಬ್ರಿಟಿಷ್ ವಸಾಹತುಗಳಿಗೆ ಒಂದಾಗುವ ಮನಸ್ಸೇ ಇರಲಿಲ್ಲ. ವರ್ಜೀನಿಯಾದ ಹೊಗೆಸೊಪ್ಪಿನ ಜಮೀನ್ದಾರನಿಗೂ ಬಾಸ್ಟನ್ನಿನ ಹಡಗಿನ ವ್ಯಾಪಾರಿಗೂ ಏನು ಸಂಬಂಧ? 1754ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಆಲ್ಬನಿಯಲ್ಲಿ ಒಕ್ಕೂಟದ ಯೋಜನೆ ಮುಂದಿಟ್ಟರು. ಒಂದೇ ಒಂದು ವಸಾಹತಿನ ಸಭೆಯೂ ಅದನ್ನು ಒಪ್ಪಲಿಲ್ಲ.

ಅವರನ್ನು ಒಂದೇ ಕೋಣೆಯಲ್ಲಿ ಕೂರಿಸಿದ್ದು 1765ರ ಸ್ಟಾಂಪ್ ಕಾಯ್ದೆ. ಫ್ರಾನ್ಸ್ ಜೊತೆಗಿನ ಏಳು ವರ್ಷಗಳ ಯುದ್ಧದಿಂದ ಬ್ರಿಟನ್ನಿಗೆ ಸಾಲ ಏರಿತ್ತು. ಪತ್ರಿಕೆ, ಕೋರ್ಟ್ ಕಾಗದ, ಕ್ರಯಪತ್ರ, ಪಂಚಾಂಗ, ಇಸ್ಪೀಟ್ ಎಲೆ, ಎಲ್ಲದಕ್ಕೂ ಮುದ್ರೆ ಬೇಕು, ಮುದ್ರೆಗೆ ದುಡ್ಡು ಬೇಕು ಎಂದಿತು ಲಂಡನ್. ಬಾಸ್ಟನ್ನಿನಲ್ಲಿ ಮುದ್ರೆ ಹಂಚಬೇಕಿದ್ದ ಆಂಡ್ರ್ಯೂ ಆಲಿವರ್‌ನ ಪ್ರತಿಕೃತಿಯನ್ನು ಜನ ಮರಕ್ಕೆ ನೇತುಹಾಕಿದರು. ಅವನು ಕೆಲಸ ಬಿಟ್ಟ. ಅದೇ ಅಕ್ಟೋಬರಿನಲ್ಲಿ ಒಂಬತ್ತು ವಸಾಹತುಗಳ ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿದರು. ನಮ್ಮವನೊಬ್ಬನೂ ಇಲ್ಲದ ಪಾರ್ಲಿಮೆಂಟು ನಮ್ಮ ಮೇಲೆ ತೆರಿಗೆ ಹಾಕುವಂತಿಲ್ಲ ಎಂದರು. ದೇಶ ಅಲ್ಲೇ ಮೊಳೆಯಿತು.

1766ರಲ್ಲಿ ಬ್ರಿಟನ್ ಕಾಯ್ದೆ ಹಿಂದಕ್ಕೆ ತೆಗೆದುಕೊಂಡಿತು ನಿಜ. ಆದರೆ ಅದೇ ಉಸಿರಿನಲ್ಲಿ, ನಿಮಗೆ ಯಾವ ಕಾನೂನು ಬೇಕಾದರೂ ಮಾಡುವ ಹಕ್ಕು ನಮ್ಮದು ಎಂದು ಇನ್ನೊಂದು ಕಾಯ್ದೆ ಬರೆಯಿತು.

1773ರ ಚಹಾ ಕಾಯ್ದೆಯಿಂದ, ಬ್ರಿಟನ್ನಿನ ಸುಂಕ ಸೇರಿದರೂ, ಈಸ್ಟ್ ಇಂಡಿಯಾ ಕಂಪನಿಯ ಚಹಾ ಅಗ್ಗವೇ ಆಗುತ್ತಿತ್ತು. ಹಾಗಿದ್ದರೂ ಡಿಸೆಂಬರ್ 16ರ ರಾತ್ರಿ ಬಾಸ್ಟನ್ನಿನ ಜನ 342 ಪೆಟ್ಟಿಗೆಗಳನ್ನು ಒಡೆದು ಸಮುದ್ರಕ್ಕೆ ಸುರಿದರು. ಅಗ್ಗದ ಚಹಾಕ್ಕೆ ಯಾರಾದರೂ ಹೀಗೆ ಮಾಡುತ್ತಾರಾ ಎಂದು ಕೇಳುವವರಿಗೆ ನಮ್ಮೂರಿನ ಒಂದು ಸಂಗತಿ ಹೇಳಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ಪಂಚಾಯ್ತಿಯವರು ನೀರಿನ ಕರ ಜಾಸ್ತಿ ಮಾಡಿದರು. ದೊಡ್ಡ ಮೊತ್ತವೇನಲ್ಲ. ಬಿಲ್ ಕಲೆಕ್ಟರ್ ರಸೀದಿ ಪುಸ್ತಕ ಹಿಡಿದು ನಮ್ಮ ದೊಡ್ಡಪ್ಪನ ಮನೆಗೆ ಬಂದ. ದೊಡ್ಡಪ್ಪ ಜಾತ್ರೆಗೆ ಕೇಳಿದಷ್ಟು ವಂತಿಗೆ ಕೊಡುವವರು, ಜಿಪುಣರಲ್ಲ. ಅವತ್ತು ಮಾತ್ರ ಜಗಲಿಯಿಂದ ಏಳಲೇ ಇಲ್ಲ. "ಯಾವ ಗ್ರಾಮಸಭೆಯಲ್ಲಿ ಪಾಸಾಯ್ತಪ್ಪ ಇದು? ನಡಾವಳಿ ಪುಸ್ತಕ ತೋರಿಸು, ಆಮೇಲೆ ರಸೀದಿ ಹರಿ" ಎಂದರು. ಸಭೆಯೇ ನಡೆದಿರಲಿಲ್ಲ. ಅಕ್ಕಪಕ್ಕದ ಮನೆಯವರೂ ಕಟ್ಟುವುದು ನಿಲ್ಲಿಸಿದರು. ಎಷ್ಟೋ ವರ್ಷ ಮಾತು ಬಿಟ್ಟಿದ್ದ ಕೆಳಗಿನ ಬೀದಿಯವರು ನಮ್ಮ ಜಗಲಿಗೆ ಬಂದು ಕೂತರು. ಕೊನೆಗೆ ಶಾಲೆಯ ಅಂಗಳದಲ್ಲಿ ಸಭೆ ಕರೆದು, ಪಂಪ್‌ಸೆಟ್ ರಿಪೇರಿ ಖರ್ಚನ್ನೆಲ್ಲ ಓದಿ ಹೇಳಿದರು. ಜನ ಅದೇ ದರಕ್ಕೆ ಕೈ ಎತ್ತಿದರು. ಮಾರನೇ ದಿನ ಮೊದಲು ಹೋಗಿ ಕಟ್ಟಿದವರು ದೊಡ್ಡಪ್ಪನೇ.

ಬಾಸ್ಟನ್ನಿನವರ ಸಿಟ್ಟೂ ದುಡ್ಡಿನದಲ್ಲ, ಕೇಳದೇ ಇದ್ದದ್ದರದು. ಬ್ರಿಟನ್ ಸಭೆ ಕರೆಯುವ ಬದಲು 1774ರಲ್ಲಿ ಬಾಸ್ಟನ್ ಬಂದರನ್ನೇ ಮುಚ್ಚಿತು. ಆ ಸೆಪ್ಟೆಂಬರಿನಲ್ಲಿ ಫಿಲಡೆಲ್ಫಿಯಾದ ಸಭೆಗೆ ಹನ್ನೆರಡು ವಸಾಹತುಗಳು ಬಂದವು. ಜಾರ್ಜಿಯಾ ಒಂದೇ ಬರಲಿಲ್ಲ. ಎರಡು ವರ್ಷದೊಳಗೆ, 1776ರ ಜುಲೈ 4ಕ್ಕೆ, ಸ್ವಾತಂತ್ರ್ಯ ಘೋಷಣೆ ಆಯಿತು.

ಬ್ರಿಟನ್ ವಿರುದ್ಧದ ಯುದ್ಧದಲ್ಲಿ ಫ್ರಾನ್ಸ್ ನೆರವಿಗೆ ಬರದಿದ್ದರೆ ಏನಾಗುತ್ತಿತ್ತು ಎಂದು ಕೆಲವರು ಕೇಳುತ್ತಾರೆ. ಅವರ ಮಾತು ಕೇಳಿದರೆ ಅಮೆರಿಕವನ್ನು ಕಟ್ಟಿದ್ದು ಫ್ರೆಂಚ್ ರಾಜ ಎಂದೇ ಹೇಳಬೇಕಾಗುತ್ತದೆ. ಬಂದೂಕು ಯಾರದಾದರೂ ಇರಲಿ, ಅದನ್ನು ಹಿಡಿಯುವಷ್ಟು ಸಿಟ್ಟು ಬಂದದ್ದು ತೆರಿಗೆಯಿಂದ.

ವಿರೋಧ: ತೆರಿಗೆ ಒಂದು ಕಿಡಿ ಅಷ್ಟೇ

ತೆರಿಗೆಯ ಪಾತ್ರ ದೊಡ್ಡದು ಎಂಬುದನ್ನು ನಾನೂ ಒಪ್ಪುತ್ತೇನೆ. ವಿರೋಧದ ಪಕ್ಷ ನನ್ನ ಪಾಲಿಗೆ ಬಂದಿದೆ, ಅದಕ್ಕೆ ಸಲ್ಲಬೇಕಾದ ಮಾತುಗಳನ್ನು ಹೇಳುತ್ತೇನೆ. ಚಹಾ ಪೆಟ್ಟಿಗೆ ನೀರಿಗೆ ಬಿತ್ತು, ದೇಶ ಎದ್ದು ನಿಂತಿತು ಅನ್ನುವುದು ಮಕ್ಕಳಿಗೆ ಹೇಳುವ ಕಥೆ.

ವರ್ಜೀನಿಯಾದಲ್ಲಿ ಆಯ್ಕೆಯಾದವರ ಸಭೆ ಸೇರಿದ್ದು 1619ರಲ್ಲಿ. ಸ್ಟಾಂಪ್ ಕಾಯ್ದೆ ಬರುವ ಹೊತ್ತಿಗೆ ಸುಮಾರು ನೂರೈವತ್ತು ವರ್ಷ ತಮ್ಮ ಊರಿನ ಲೆಕ್ಕವನ್ನು ತಾವೇ ನೋಡಿ ಅವರಿಗೆ ಅಭ್ಯಾಸವಾಗಿತ್ತು. ಅರ್ಧ ದೇಶ ಆಗಲೇ ನಡೆಯುತ್ತಿತ್ತು.

ಭಯವೂ ಹೋಗಿತ್ತು. 1763ರಲ್ಲಿ ಫ್ರೆಂಚರು ಕೆನಡಾ ಬಿಟ್ಟುಕೊಟ್ಟರು. ಪಕ್ಕದ ಶತ್ರು ಹೋದ ಮೇಲೆ ಲಂಡನ್ನಿನ ಸೈನ್ಯ ಯಾರಿಗೆ ಬೇಕು? ಅದೇ ವರ್ಷ ರಾಜ, ಅಪಲೇಚಿಯನ್ ಬೆಟ್ಟಗಳ ಆಚೆ ಹೋಗಿ ನೆಲೆಸಬೇಡಿ ಎಂದು ಆಜ್ಞೆ ಹೊರಡಿಸಿದ. ಹೊಸ ಜಮೀನಿನ ಮೇಲೆ ಕಣ್ಣಿಟ್ಟವರಿಗೆ ಅದು ಚಹಾದ ಸುಂಕಕ್ಕಿಂತ ಕಡಿಮೆ ನೋವೇನಲ್ಲ.

ಇನ್ನು ಫ್ರಾನ್ಸ್. 1781ರಲ್ಲಿ ಫ್ರೆಂಚ್ ನೌಕಾಪಡೆ ಚೆಸಪೀಕ್ ಕೊಲ್ಲಿಯನ್ನು ಅಡ್ಡಗಟ್ಟಿದ್ದಕ್ಕೇ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಯಾರ್ಕ್‌ಟೌನಿನಲ್ಲಿ ಸಿಕ್ಕಿಬಿದ್ದ. ಆ ನೆರವಿನ ಬೆಲೆ ಮೈಸೂರಿನವರಿಗೆ ಗೊತ್ತು. 1783ರಲ್ಲಿ ಬ್ರಿಟನ್-ಫ್ರಾನ್ಸ್ ಶಾಂತಿಯ ಸುದ್ದಿ ಬಂದದ್ದೇ ಫ್ರೆಂಚರು ಟಿಪ್ಪುವಿನ ಜೊತೆ ಬಿಟ್ಟರು. ಅದೇ ಕಾರ್ನ್‌ವಾಲಿಸ್ 1792ರಲ್ಲಿ ಶ್ರೀರಂಗಪಟ್ಟಣದ ಮುಂದೆ ನಿಂತು ಅರ್ಧ ರಾಜ್ಯ ಕಿತ್ತುಕೊಂಡ. ಸಿಟ್ಟು ಇಲ್ಲೇನು ಕಡಿಮೆ ಇತ್ತೇ?

ಕೊನೆಯ ಮಾತು. ಸ್ಟಾಂಪ್ ಕಾಯ್ದೆ ಹದಿಮೂರು ವಸಾಹತುಗಳಿಗಷ್ಟೇ ಅಲ್ಲ, ಜಮೈಕಾ, ಬಾರ್ಬಡೋಸ್‌ಗೂ ಬಂತು. ಅವೂ ಬ್ರಿಟಿಷ್ ವಸಾಹತುಗಳೇ. ಅಲ್ಲೂ ಸಭೆಗಳಿದ್ದವು, ಅವರನ್ನೂ ಯಾರೂ ಕೇಳಿರಲಿಲ್ಲ. ಆದರೂ ಅವು ತೆರಿಗೆ ಕಟ್ಟಿದವು, 1776ರಲ್ಲಿ ಬ್ರಿಟನ್ನಿನ ಜೊತೆಗೇ ಉಳಿದವು. ಸಕ್ಕರೆ ತೋಟಗಳ ಯಜಮಾನರಿಗೆ ಬ್ರಿಟನ್ನಿನ ಮಾರುಕಟ್ಟೆ ಬೇಕಿತ್ತು. ತಾವು ಗುಲಾಮರಾಗಿ ಇಟ್ಟುಕೊಂಡವರು ತಿರುಗಿಬಿದ್ದರೆ ಕಾಯಲು ಬ್ರಿಟನ್ನಿನ ಸೈನ್ಯವೂ ಬೇಕಿತ್ತು. ತೆರಿಗೆಯೇ ಕಾರಣ ಅನ್ನುವವರು ಈ ಎರಡು ದ್ವೀಪಗಳ ಬಗ್ಗೆ ಏನು ಹೇಳುತ್ತಾರೆ?