ಜಿಮ್ಮಿಯ ತೂಕ ಯಾರು ನೋಡಬೇಕು?

"ಇಂಗ್ಲೆಂಡಿಗೆ ಹೋದ ಮೇಲೆ ನಿನ್ನ ಕೈ ಬಿಗಿಯಾಗಿದೆ. ನಾಯಿಗೆ ಹಾಕುವ ರೊಟ್ಟಿಗೂ ಲೆಕ್ಕ ಹಿಡಿಯುತ್ತೀಯಲ್ಲ!" ಎಂದರು ಅತ್ತಿಗೆ. ಕೊಡಗಿನ ಚೆಟ್ಟಳ್ಳಿಯ ನಮ್ಮ ಮನೆಯಲ್ಲಿ ಬೆಳಗಿನ ತಿಂಡಿಯ ಹೊತ್ತು. ಜಿಮ್ಮಿಗೆ ಮತ್ತೊಂದು ತುಂಡು ಅಕ್ಕಿ ರೊಟ್ಟಿ ಹಾಕಲು ಹೊರಟವರನ್ನು ನಾನು ತಡೆದಿದ್ದೆ, ಅಷ್ಟೇ. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ಮಾತು ಚುಚ್ಚಿತು. ಆ ನಾಯಿಯ ಮೇಲಿನ ಅಕ್ಕರೆಯಿಂದಲೇ ನಾನು ಬೇಡವೆಂದದ್ದು.

ಜಿಮ್ಮಿ ಬಿಳಿ ಬಣ್ಣದ ಸಣ್ಣ ನಾಯಿ. ನಮ್ಮ ಕಡೆ ಎಲ್ಲರೂ ಪಾಮೇರಿಯನ್ ಎನ್ನುತ್ತಾರೆ, ನಿಜವಾಗಿ ಇಂಡಿಯನ್ ಸ್ಪಿಟ್ಜ್. ಹೊಸ್ತಿಲು ದಾಟುವಾಗ ಮುಂಗಾಲು ಆಚೆಗಿಟ್ಟು, ನಿಂತು, ಉಸಿರು ಎಳೆದುಕೊಂಡು, ಆಮೇಲೆ ಹಿಂಗಾಲು ಎತ್ತುತ್ತಾನೆ. ಅಂಗಳಕ್ಕೆ ಓಡಿ ಬಂದರೆ ಬಾತುಕೋಳಿ ಕೂಗಿದಂತೆ ಕೆಮ್ಮು. ಮನೆಯವರ ಪ್ರಕಾರ ಅದು ವಯಸ್ಸಿನ ಕಾಟ. ಏಳು ವರ್ಷದ ಸಣ್ಣ ಜಾತಿಯ ನಾಯಿಗೆ ಅದೆಂಥ ವಯಸ್ಸು? ಈ ಗಾತ್ರದ ಎಷ್ಟೋ ನಾಯಿಗಳಲ್ಲಿ ಶ್ವಾಸನಾಳ ಮೊದಲೇ ಮೆತ್ತಗೆ. ಎದೆ, ಕೊರಳ ಸುತ್ತ ಕೊಬ್ಬು ಕೂತರೆ ಅದು ಇನ್ನಷ್ಟು ಅಪ್ಪಚ್ಚಿಯಾಗುತ್ತದೆ. ಮೊಣಕಾಲ ಚಿಪ್ಪು ಜಾರುವುದೂ ಈ ಸಣ್ಣ ಜಾತಿಗಳಲ್ಲೇ ಹೆಚ್ಚು, ಭಾರ ಏರಿದಷ್ಟೂ ನೋವು.

ಇದೆಲ್ಲ ನನಗೆ ಗೊತ್ತಾದದ್ದು ನಾನೀಗ ಇರುವ ಇಂಗ್ಲೆಂಡಿನ ಲೀಡ್ಸ್‌ನಲ್ಲಿ, ನಮ್ಮ ಮಿನ್ನಿಯಿಂದ. ಮಿನ್ನಿ ಡ್ಯಾಷ್‌ಹುಂಡ್ ಜಾತಿಯ ನಾಯಿ, ಉದ್ದ ಬೆನ್ನು, ಗಿಡ್ಡ ಕಾಲು. ಲಸಿಕೆ ಹಾಕಿಸಲು ಕರೆದುಕೊಂಡು ಹೋದ ದಿನ ನರ್ಸ್ ಮಾಡಿದ ಮೊದಲ ಕೆಲಸ ಅವಳನ್ನು ತಕ್ಕಡಿಯ ಮೇಲೆ ನಿಲ್ಲಿಸಿದ್ದು. ಆಮೇಲೆ ನನ್ನ ಮುಖ ನೋಡಿ, "ಇವಳು ದಪ್ಪಗಾಗಿದ್ದಾಳೆ. ಈ ಬೆನ್ನಿಗೆ ಇಷ್ಟು ಭಾರ ಒಳ್ಳೆಯದಲ್ಲ, ಇಳಿಸೋಣ" ಎಂದರು. ಬಸ್ಸಿನಲ್ಲಿ ಕಾಲು ತುಳಿದರೆ ತುಳಿಸಿಕೊಂಡವರೇ ಕ್ಷಮೆ ಕೇಳುವ ದೇಶ ಅದು. ಅಲ್ಲಿ ಇಷ್ಟು ನೇರ ಮಾತು ಕೇಳಿ ನನಗೆ ಸಂತೋಷವೇ ಆಯಿತು. ಇಲ್ಲಿ ಊರಿನಲ್ಲಿ ಬರುವ ನೆಂಟರೆಲ್ಲ ಜಿಮ್ಮಿಯನ್ನು ಎತ್ತಿ, "ಎಷ್ಟು ಗುಂಡು ಗುಂಡಾಗಿದೆ, ಚೆನ್ನಾಗಿ ಸಾಕಿದ್ದೀರಿ" ಎಂದು ಮೆಚ್ಚುತ್ತಾರೆ. ಆ ಮೆಚ್ಚುಗೆಯೇ ಅವನಿಗೆ ಮುಳುವಾಗಿದೆ.

ಆ ನರ್ಸ್ ನನ್ನ ಕೈ ಹಿಡಿದು ಕಲಿಸಿದ ಪರೀಕ್ಷೆಯನ್ನು ನಾನು ಚೆಟ್ಟಳ್ಳಿಯಲ್ಲೂ ಮಾಡಿ ತೋರಿಸಿದೆ. ಮುಷ್ಟಿ ಹಿಡಿದು ಗೆಣ್ಣುಗಳ ಮೇಲೆ ಬೆರಳಾಡಿಸಿ: ನಾಯಿಯ ಪಕ್ಕೆಲುಬು ಹಾಗೆ ಎದ್ದು ಸಿಕ್ಕಿದರೆ ಅದು ಬಡಕಲು. ಕೈ ಬಿಚ್ಚಿ ಅಂಗೈ ಕೆಳಗೆ ಮಾಡಿ, ಹಿಂಗೈಯನ್ನು ಸವರಿ: ಪಕ್ಕೆಲುಬು ಹಾಗೆ ತೆಳ್ಳಗಿನ ಹೊದಿಕೆಯಡಿ ಸಿಕ್ಕಿದರೆ ಸರಿಯಾದ ಮೈ. ಕೈ ಮಗುಚಿ, ಅಂಗೈಯ ಕಡೆ ಬೆರಳುಗಳ ಬುಡ ಒತ್ತಿ: ಹಾಗೆ ಒತ್ತಿ ಹುಡುಕಬೇಕಾಗಿ ಬಂದರೆ ಕೊಬ್ಬು ಹೆಚ್ಚು. ಜಿಮ್ಮಿಯ ರೋಮ ಸರಿಸಿ ಅವ್ವ ತಾವೇ ಒತ್ತಿ ನೋಡಿದರು. ಎಷ್ಟು ಹುಡುಕಿದರೂ ಎಲುಬು ಸಿಗಲಿಲ್ಲ. "ಮೇಲಿನಿಂದ ನೋಡವ್ವ, ಸೊಂಟ ಎಲ್ಲಿದೆ?" ಎಂದೆ. ಅವ್ವ ಮಾತಾಡಲಿಲ್ಲ.

ತೂಗೋಣ ಎಂದರೆ ಅಣ್ಣ ಕೇಳಿದ: "ನಾಯಿಯನ್ನು ಯಾರಾದರೂ ತೂಗುತ್ತಾರೆಯೇ?" ನನಗೆ ತಡೆಯಲಾಗಲಿಲ್ಲ. ಈ ಮನೆಯಲ್ಲಿ ಕರಿಮೆಣಸನ್ನು ಗ್ರಾಂ ಲೆಕ್ಕದಲ್ಲಿ ತೂಗುತ್ತಾರೆ. ಕಾಫಿ ಕೊಯ್ಲಿನ ಕಾಲದಲ್ಲಿ ಸಂಜೆ ಪ್ರತಿಯೊಬ್ಬರ ಚೀಲವೂ ತಕ್ಕಡಿ ಹತ್ತಿಯೇ ಇಳಿಯುತ್ತದೆ, ಪುಸ್ತಕದಲ್ಲಿ ಬರೆಯದೆ ಯಾರೂ ಮನೆಗೆ ಹೋಗುವುದಿಲ್ಲ. ವ್ಯಾಪಾರಿ ತೂಕದಲ್ಲಿ ಸ್ವಲ್ಪ ಹಿಡಿದರೂ ಅಣ್ಣ ಅರ್ಧ ದಿನ ಜಗಳಕ್ಕೆ ನಿಲ್ಲುತ್ತಾನೆ. ಅದೇ ಮನೆಯಲ್ಲಿ ಏಳು ವರ್ಷದಿಂದ ಒಂದು ಜೀವ ಇದೆ, ಅದರ ತೂಕ ಯಾರಿಗೂ ಗೊತ್ತಿಲ್ಲ. ಕೊನೆಗೆ ಮೆಣಸಿನ ತಕ್ಕಡಿಯ ಮೇಲೆ ಬೆತ್ತದ ಬುಟ್ಟಿಯಿಟ್ಟು, ಮುಳ್ಳು ಸೊನ್ನೆಗೆ ತಂದು, ಜಿಮ್ಮಿಯನ್ನು ಕೂರಿಸಿದೆವು. 8 ಕಿಲೋ 400 ಗ್ರಾಂ. ಪಶುವೈದ್ಯರು ನೋಡಿ ಹೇಳಿದ್ದು, ಈ ಮೂಳೆಯ ಅಳತೆಗೆ 6 ಕಿಲೋ ಸಾಕು ಎಂದು.

ಈಗ ಲೆಕ್ಕ ಕೇಳಿ. 6 ಕಿಲೋ ತೂಗಬೇಕಾದ ನಾಯಿ ಸುಮ್ಮನೆ ಬದುಕಿರಲು ದಿನಕ್ಕೆ ಬೇಕಾದ ಶಕ್ತಿ ಸುಮಾರು 270 ಕ್ಯಾಲೊರಿ. ತೂಕ ಇಳಿಸುವಾಗ ಹೆಚ್ಚುಕಡಿಮೆ ಅಷ್ಟರಲ್ಲೇ ಶುರು ಮಾಡುತ್ತಾರೆ. ಒಂದು ಅಕ್ಕಿ ರೊಟ್ಟಿ ನೂರು ದಾಟುತ್ತದೆ. ಅದಕ್ಕೆ ಸವರಿದ ಒಂದು ಚಮಚ ತುಪ್ಪಕ್ಕೆ ನಲವತ್ತರ ಮೇಲೆ. ಒಂದು ಗ್ಲೂಕೋಸ್ ಬಿಸ್ಕತ್ತಿಗೆ ಇಪ್ಪತ್ತರ ಮೇಲೆ. ಅಪ್ಪ ತೋಟಕ್ಕೆ ಹೊರಡುವ ಮೊದಲು ಕಾಫಿಯ ಜೊತೆ ಎರಡು ಬಿಸ್ಕತ್ತು ಕೊಡುತ್ತಾರೆ. ತಿಂಡಿಗೆ ಅತ್ತಿಗೆಯ ರೊಟ್ಟಿ. ಹತ್ತು ಗಂಟೆಗೆ ತೋಟದ ಕೆಲಸದವರು ಬುತ್ತಿಯಿಂದ ಒಂದಿಷ್ಟು. ಮಧ್ಯಾಹ್ನ ಅವ್ವ ಹಾಲು ಅನ್ನ ಕಲಸಿ ಹಾಕುತ್ತಾರೆ. ಶಾಲೆಯಿಂದ ಬಂದ ಅಣ್ಣನ ಮಗ ಬ್ರೆಡ್ಡು ಹಂಚಿಕೊಳ್ಳುತ್ತಾನೆ. ರಾತ್ರಿ ಎಲ್ಲರ ಎಲೆಯಲ್ಲಿ ಉಳಿದದ್ದು. ಪ್ರತಿಯೊಬ್ಬರೂ ನಾನು ಕೊಟ್ಟದ್ದು ಸ್ವಲ್ಪವೇ ಎನ್ನುತ್ತಾರೆ, ಪ್ರತಿಯೊಬ್ಬರ ಮಾತೂ ನಿಜ. ಕೂಡಿಸುವವರು ಮಾತ್ರ ಯಾರೂ ಇಲ್ಲ.

ನನ್ನ ದೃಷ್ಟಿಯಲ್ಲಿ ಎರಡು ಊರಿನ ವ್ಯತ್ಯಾಸ ಇರುವುದು ಇಲ್ಲೇ. ಲೀಡ್ಸ್‌ನಲ್ಲಿ ನಾಯಿಯ ಬಟ್ಟಲಿಗೆ ಒಬ್ಬರು ಹೊಣೆ. ನರ್ಸ್ ನಮ್ಮನ್ನು ಕೇಳಿದ್ದು ಏನು ಹಾಕುತ್ತೀರಿ ಎಂದಲ್ಲ, ಯಾರು ಯಾರು ಹಾಕುತ್ತೀರಿ ಎಂದು. ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ ಕೊಟ್ಟದ್ದನ್ನೆಲ್ಲ ಬರೆಯಲು ಹೇಳಿದರು. ಆಹಾರವನ್ನು ಲೋಟದಲ್ಲಿ ಅಳೆಯಬೇಡಿ, ಅಡುಗೆಮನೆಯ ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಿ ಎಂದರು, ಏಕೆಂದರೆ ಸಣ್ಣ ನಾಯಿಗೆ ಹತ್ತು ಗ್ರಾಂ ಹೆಚ್ಚೂ ಹೆಚ್ಚೇ. ತಿಂಡಿತಿನಿಸು ಏನಿದ್ದರೂ ದಿನದ ಒಟ್ಟು ಕ್ಯಾಲೊರಿಯ ಹತ್ತರಲ್ಲಿ ಒಂದು ಪಾಲು ಮೀರಬಾರದು. ಎರಡು ವಾರಕ್ಕೊಮ್ಮೆ ಬಂದು ಅದೇ ತಕ್ಕಡಿಯಲ್ಲಿ ನಿಲ್ಲಿಸಿ ಹೋಗಿ ಎಂದರು, ಅದಕ್ಕೆ ಶುಲ್ಕ ತೆಗೆದುಕೊಳ್ಳಲಿಲ್ಲ. ಅಲ್ಲಿನ ಎಷ್ಟೋ ಪ್ರಾಣಿ ಆಸ್ಪತ್ರೆಗಳಲ್ಲಿ ಹೀಗೆ ತೂಕ ನೋಡುವುದಕ್ಕೆಂದೇ ನರ್ಸುಗಳ ವೇಳೆ ಮೀಸಲಿದೆ. 1917ರಲ್ಲಿ ಶುರುವಾದ ಪಿಡಿಎಸ್‌ಎ ಎಂಬ ಸೇವಾಸಂಸ್ಥೆಯಂತೂ ಸಾಕುಪ್ರಾಣಿಗಳ ತೂಕ ಇಳಿಸುವ ಸ್ಪರ್ಧೆಯನ್ನೇ ನಡೆಸಿದೆ.

ಕಾನೂನಿನಲ್ಲೂ ಈ ವ್ಯತ್ಯಾಸ ಕಾಣುತ್ತದೆ. ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಸಾಕಿದ ಪ್ರಾಣಿಗೆ ಸಾಕಷ್ಟು ಊಟ, ನೀರು, ನೆರಳು ಕೊಡದಿರುವುದು ಅಪರಾಧ. ಇಂಗ್ಲೆಂಡಿನ 2006ರ ಕಾಯ್ದೆ ತಕ್ಕ ಆಹಾರ ಕೊಡಬೇಕು ಎನ್ನುತ್ತದೆ. ಹಸಿವಿಗೆ ಹಾಕುವುದನ್ನು ನಾವು ಹಿಂಸೆ ಎಂದು ಗುರುತಿಸಿದ್ದೇವೆ, ಸರಿಯೇ. ತಿನ್ನಿಸಿ ತಿನ್ನಿಸಿ ಉಸಿರು ಕಟ್ಟಿಸುವುದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಹಬ್ಬ ಬಂದರೆ ನನಗೆ ದೂರದಲ್ಲಿ ಕೂತೇ ಆತಂಕ. ಕೈಲ್ ಮುಹೂರ್ತದ ದಿನ ಹಂದಿ ಸಾರಿನ ಕೊಬ್ಬಿನ ತುಂಡುಗಳೆಲ್ಲ ಜಿಮ್ಮಿಗೆ. "ಪಾಪ, ಅದಕ್ಕೂ ಹಬ್ಬವಲ್ಲವೇ" ಎನ್ನುತ್ತಾರೆ ಅವ್ವ. ಒಮ್ಮೆಗೇ ಅಷ್ಟು ಕೊಬ್ಬು ತಿಂದ ದಪ್ಪ ನಾಯಿಗೆ ಮೇದೋಜೀರಕ ಗ್ರಂಥಿ ಊದಿಕೊಂಡು ಪ್ರಾಣಕ್ಕೇ ಬರಬಹುದು. ಆ ಸಾರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುತ್ತವೆ, ಅವು ನಾಯಿಯ ರಕ್ತಕಣಗಳನ್ನೇ ಒಡೆಯುತ್ತವೆ. ಬೇಯಿಸಿದ ಎಲುಬು ಚೂರಾಗಿ ಕರುಳಿಗೆ ಚುಚ್ಚುತ್ತದೆ. ಹುತ್ತರಿಯ ಪಾಯಸದ ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತದೆ. ಮಕ್ಕಳು ಲೋಟದ ತಳದಲ್ಲಿ ಬಿಡುವ ಕಾಫಿ ಕೂಡ ನಾಯಿಗೆ ವಿಷವೇ; ಸುತ್ತ ಕಾಫಿಯೇ ಬೆಳೆಯುವ ನಮಗೆ ಇದು ಮೊದಲು ಗೊತ್ತಿರಬೇಕಿತ್ತು.

ಹಾಗೆಂದು ನಾಳೆಯಿಂದ ಊಟವನ್ನೇ ಅರ್ಧ ಮಾಡಿಬಿಡುವುದು ಇನ್ನೂ ದೊಡ್ಡ ತಪ್ಪು. ಮಾಮೂಲಿ ಊಟ ಅರ್ಧವಾದರೆ ಪ್ರೋಟೀನು, ಖನಿಜಾಂಶಗಳೂ ಅರ್ಧವಾಗುತ್ತವೆ. ಕೊಬ್ಬಿನ ಬದಲು ಮಾಂಸಖಂಡ ಕರಗುತ್ತದೆ. ಮೊದಲು ವೈದ್ಯರಿಗೆ ತೋರಿಸಿ ಥೈರಾಯ್ಡ್‌ನಂತಹ ತೊಂದರೆ ಇದೆಯೇ ಎಂದು ನೋಡಬೇಕು. ಪ್ರೋಟೀನು, ನಾರು ಹೆಚ್ಚಿದ್ದು ಕ್ಯಾಲೊರಿ ಕಡಿಮೆ ಇರುವ ಆಹಾರವನ್ನು ಅವರೇ ಬರೆದುಕೊಡುತ್ತಾರೆ. ವಾರಕ್ಕೆ ಮೈತೂಕದ ನೂರಕ್ಕೆ ಒಂದರಿಂದ ಎರಡು ಪಾಲು ಇಳಿದರೆ ಸಾಕು. ಜಿಮ್ಮಿಯ ಲೆಕ್ಕದಲ್ಲಿ ಅದು ವಾರಕ್ಕೆ ಸುಮಾರು ನೂರು ಗ್ರಾಂ, ಅಂದರೆ ಆರು ತಿಂಗಳ ಕೆಲಸ. ಕೊಡಲೇಬೇಕೆನಿಸಿದರೆ ಬೇಯಿಸಿದ ಬೀನ್ಸ್, ಸೌತೆಕಾಯಿ ಹೋಳು, ಕ್ಯಾರೆಟ್ ಇವೆ, ಉಪ್ಪು ಒಗ್ಗರಣೆ ಇಲ್ಲದೆ.

"ಇಷ್ಟು ಕಾಡಿಸಿ ಎಷ್ಟು ದಿನ ಬದುಕಿಸುತ್ತೀಯ?" ಎಂದು ಅಪ್ಪ ಕೇಳಿದರು. ಅದಕ್ಕೆ ಉತ್ತರವಿದೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಮರಿಯಿಂದ ಸಾಯುವವರೆಗೆ ನೋಡಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಜೊತೆಯ ನಾಯಿಗಿಂತ ಕಾಲು ಪಾಲು ಕಡಿಮೆ ತಿಂದವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು, ಕೀಲುನೋವೂ ತಡವಾಗಿ ಬಂತು. 2019ರಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ನಾಯಿಗಳ ದಾಖಲೆ ನೋಡಿದಾಗ, ಪರಿಶೀಲಿಸಿದ ಹನ್ನೆರಡು ಜಾತಿಗಳಲ್ಲೂ ದಪ್ಪ ನಾಯಿಗಳ ಆಯಸ್ಸೇ ಕಡಿಮೆ. ಎಲ್ಲಕ್ಕಿಂತ ಹೆಚ್ಚು ನಷ್ಟವಾದದ್ದು ಪುಟ್ಟ ಯಾರ್ಕ್‌ಷೈರ್ ಟೆರಿಯರ್‌ಗೆ, ಎರಡೂವರೆ ವರ್ಷದಷ್ಟು. ಸಣ್ಣ ನಾಯಿಯ ಮೈಮೇಲೆ ಎರಡು ಕಿಲೋ ಕೊಬ್ಬು ಸಣ್ಣ ವಿಷಯವಲ್ಲ ಅಪ್ಪ, ಎಂದೆ.

ನಮ್ಮ ಊರುಗಳ ಪಶು ಆಸ್ಪತ್ರೆಗಳ ವೈದ್ಯರು ದನ, ಕರು, ಹಂದಿಗಳ ನಡುವೆ ಬಿಡುವಿಲ್ಲದೆ ದುಡಿಯುತ್ತಾರೆ, ಅವರನ್ನು ದೂರುತ್ತಿಲ್ಲ. ಬಾಗಿಲ ಬಳಿ ಒಂದು ತಕ್ಕಡಿ ಇಟ್ಟು, ಯಾರು ಬೇಕಾದರೂ ನಾಯಿಯನ್ನು ನಿಲ್ಲಿಸಿ ನೋಡಿಕೊಂಡು ಹೋಗಲಿ ಎಂದು ಬಿಡಬಹುದಲ್ಲ? ಲಸಿಕೆಯ ಚೀಟಿಯಲ್ಲಿ ಪ್ರತಿ ಸಲವೂ ತೂಕ ಬರೆಯಬಹುದಲ್ಲ?

ಇನ್ನು ಒಪ್ಪಿಕೊಳ್ಳಲೇಬೇಕಾದ ಕೆಲವು ಮಾತುಗಳಿವೆ. ತೋಟದ ಕೆಲಸದವರು ಇರುವ ಲೈನ್ ಮನೆಗಳ ನಾಯಿಗಳನ್ನು ನೋಡಿದರೆ ಒಂದಕ್ಕೂ ಹೊಟ್ಟೆಯಿಲ್ಲ. ಯಾವ ನರ್ಸೂ ಬೇಕಾಗಿಲ್ಲ, ಇಡೀ ದಿನ ತೋಟ ಸುತ್ತುತ್ತವೆ. ಜಿಮ್ಮಿಯನ್ನು ಒಳಮನೆಯಲ್ಲಿ ಕೂರಿಸಿದ್ದಕ್ಕೂ ಕಾರಣವಿದೆ: ಚಿರತೆಯ ಭಯ, ಮಳೆಗಾಲದ ಜಿಗಣೆ, ತಿಂಗಳುಗಟ್ಟಲೆ ಬಿಡದ ಮಳೆ. ಅದು ಲೀಡ್ಸ್‌ನಲ್ಲಿ ಕೂತು ಹೇಳುವಷ್ಟು ಸುಲಭವಲ್ಲ.

ಫ್ರಿಜ್ಜಿನ ಹಾಳೆಯೂ ಚೆಟ್ಟಳ್ಳಿಯಲ್ಲಿ ನಡೆಯಲಿಲ್ಲ. ಬರೆಯುವವರಿಲ್ಲ, ನೋಡುವವರಿಲ್ಲ. ಕೊನೆಗೆ ದಾರಿ ಹುಡುಕಿದವರು ಅತ್ತಿಗೆಯೇ. ಬೆಳಿಗ್ಗೆ ವೈದ್ಯರು ಹೇಳಿದಷ್ಟನ್ನು ತೂಗಿ ಒಂದು ಸ್ಟೀಲ್ ಡಬ್ಬಿಗೆ ಹಾಕಿಡುತ್ತಾರೆ. ಕೊಡಬೇಕೆನಿಸಿದವರು ಆ ಡಬ್ಬಿಯಿಂದಲೇ ಕೊಡಬೇಕು, ಡಬ್ಬಿ ಬರಿದಾದರೆ ಆ ದಿನದ್ದು ಮುಗಿಯಿತು. ಅಪ್ಪನ ಕೈಗೂ ಸಿಗುತ್ತದೆ, ಹುಡುಗನ ಕೈಗೂ ಸಿಗುತ್ತದೆ, ಯಾರ ಪ್ರೀತಿಗೂ ತಡೆಯಿಲ್ಲ. ನನ್ನ ಹಾಳೆಗಿಂತ ಇದು ಮೇಲು ಎಂದು ಅತ್ತಿಗೆಗೆ ಫೋನಿನಲ್ಲಿ ಹೇಳಿದೆ. ಅಪ್ಪ ಈಗ ಮಳೆಯಿಲ್ಲದ ಬೆಳಿಗ್ಗೆ ಕೊರಳ ಪಟ್ಟಿಯ ಬದಲು ಎದೆಪಟ್ಟಿ ಹಾಕಿ, ಗೇಟಿನವರೆಗೆ ನಿಧಾನವಾಗಿ ಕರೆದುಕೊಂಡು ಹೋಗುತ್ತಾರೆ. ಕಣದಲ್ಲಿ ನಾಲ್ಕು ಕಾಳು ಆಹಾರ ಚೆಲ್ಲಿ ಹುಡುಕಿಸುತ್ತಾರೆ. ಮೆಣಸಿನ ತಕ್ಕಡಿ ಕಳೆದ ಸಲ 7 ಕಿಲೋ 600 ತೋರಿಸಿತು.

ಅವ್ವ ಕೇಳಿದ ಒಂದು ಪ್ರಶ್ನೆಯನ್ನೂ ಬರೆಯಬೇಕು. "ನೀವಿಬ್ಬರೂ ಕಚೇರಿಗೆ ಹೋದರೆ ಮಿನ್ನಿಯ ಜೊತೆ ಯಾರಿರುತ್ತಾರೆ?" ಯಾರೂ ಇರುವುದಿಲ್ಲ. ತೂಕ ಸರಿಯಿದೆ, ಬಟ್ಟಲು ಸರಿಯಿದೆ, ಸಂಜೆಯವರೆಗೆ ಅವಳು ಒಬ್ಬಳೇ. ಜಿಮ್ಮಿ ಹುಟ್ಟಿದಾಗಿನಿಂದ ಒಂದು ಗಂಟೆ ಒಬ್ಬನೇ ಇದ್ದವನಲ್ಲ. ವಾರದಲ್ಲಿ ಎರಡು ದಿನ ಮನೆಯಿಂದಲೇ ಕೆಲಸ ಮಾಡಲು ಬಿಡಿ ಎಂದು ಕಚೇರಿಯಲ್ಲಿ ಕೇಳಿದ್ದೇನೆ.