ಕಾವೇರಿ ಬಂದಳು, ಪ್ಲಂಬರ್ ಬರಲಿಲ್ಲ

ತೊರೆಕಾಡನಹಳ್ಳಿಯಲ್ಲಿ ಹೊರಟ ಕಾವೇರಿ ಹಾರೋಹಳ್ಳಿಯಲ್ಲೊಮ್ಮೆ, ತಾತಗುಣಿಯಲ್ಲೊಮ್ಮೆ ಉಸಿರು ಎಳೆದುಕೊಂಡು, ಪಂಪುಗಳ ಭುಜ ಹಿಡಿದು, ಸುಮಾರು 100 ಕಿ.ಮೀ. ದೂರ, ಅರ್ಧ ಕಿಲೋಮೀಟರ್ ಎತ್ತರ ಹತ್ತಿ ಬೆಂಗಳೂರಿಗೆ ಬರುತ್ತಾಳೆ. 2024ರ ಅಕ್ಟೋಬರ್ 16ರಂದು ಕಾವೇರಿ ನೀರಿನ ಯೋಜನೆಯ ಐದನೇ ಹಂತವೂ ಉದ್ಘಾಟನೆಯಾಗಿ, ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ತರುವ ಏರ್ಪಾಡಾಯಿತು. ಇಷ್ಟು ದೂರ ಬಂದ ತಾಯಿ ವಾಶ್ ಬೇಸಿನ್ನಿನ ಕೆಳಗೆ, ಆಂಗಲ್ ಕಾಕಿಗೂ (ಗೋಡೆಯಲ್ಲಿರುವ ಪುಟ್ಟ ವಾಲ್ವ್) ನಲ್ಲಿಗೂ ನಡುವಿನ 18 ಇಂಚಿನ ಕನೆಕ್ಷನ್ ಪೈಪಿನಲ್ಲಿ ದಾರಿ ತಪ್ಪಿ ನೆಲಕ್ಕಿಳಿಯುತ್ತಾಳೆ. ಆ 18 ಇಂಚಿಗೆ ಯಾವ ಹಂತದ ಯೋಜನೆಯೂ ಇಲ್ಲ. ಇರುವುದು ಒಬ್ಬ ಪ್ಲಂಬರ್. ಅವರು ‘ದಾರೀಲಿದ್ದಾರೆ’.

ಘಳಿಗೆ, ವಿಘಳಿಗೆಯವರೆಗೆ ಲೆಕ್ಕ ಹಾಕಿದ ನಮ್ಮ ಪಂಚಾಂಗದವರು ಪ್ಲಂಬರ್ ಕಾಲಮಾನವನ್ನು ಮಾತ್ರ ಇನ್ನೂ ಅಚ್ಚು ಹಾಕಿಲ್ಲ. ‘ಹತ್ತು ನಿಮಿಷ ಸಾರ್’ ಅಂದರೆ ಹೊರಟಿಲ್ಲ. ‘ಸಿಗ್ನಲ್ಲಲ್ಲಿದ್ದೀನಿ’ ಅಂದರೆ ಬೇರೆ ಯಾರದೋ ಬಚ್ಚಲಲ್ಲಿ ಬಗ್ಗಿ ಕೂತಿದ್ದಾರೆ. ‘ಮೆಟೀರಿಯಲ್ ತರಕ್ಕೆ ಬಂದಿದೀನಿ’ ಅಂದರೆ ಮೂರನೇ ಮನೆ. ‘ನಾಳೆ ಬೆಳಗ್ಗೆ ಫಸ್ಟ್ ನಿಮ್ಮನೇನೇ’ ಅಂದರೆ ನಾಳೆ ಬೆಳಗ್ಗೆ ಅವರ ಫೋನಿನಲ್ಲಿ ಬೀಳುವ ಮೊದಲ ಮಿಸ್ಡ್ ಕಾಲ್ ನಿಮ್ಮದು.

ಆದರೆ ಇದನ್ನು ಬರೀ ಸೋಮಾರಿತನ ಅನ್ನುವಂತಿಲ್ಲ. ನಾವು ಫೋನಿನಲ್ಲಿ ಹೇಳುವುದಾದರೂ ಏನು? ‘ಅಣ್ಣಾ, ನೀರು ಬರ್ತಿಲ್ಲ, ಅರ್ಜೆಂಟು.’ ಡಾಕ್ಟರಿಗೆ ಫೋನ್ ಮಾಡಿ ‘ಹುಷಾರಿಲ್ಲ’ ಎಂದಷ್ಟೇ ಹೇಳಿ ಇಟ್ಟ ಹಾಗೆ. ಒಂದೇ ನಲ್ಲಿಯಲ್ಲಿ ಬರ್ತಿಲ್ಲವೋ, ಇಡೀ ಮನೆಯಲ್ಲೋ? ತಣ್ಣೀರು ಬಂದು ಬಿಸಿನೀರಷ್ಟೇ ನಿಂತಿದೆಯೋ? ಒಂದೇ ನಲ್ಲಿ ಸಣ್ಣಗಾಗಿದ್ದರೆ ಸಾಮಾನ್ಯವಾಗಿ ಅದರ ತುದಿಯ ಜಾಲರಿಯಲ್ಲಿ ಬೋರ್ ನೀರಿನ ಉಪ್ಪು ಕಟ್ಟಿರುತ್ತದೆ. ಬಿಸಿನೀರು ಮಾತ್ರ ನಿಂತಿದ್ದರೆ ಗೀಸರಿನ ಇನ್‌ಲೆಟ್ ಕಾಕ್ ನೋಡಬೇಕು, ಸೋಲಾರ್ ಆದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು. ಇಡೀ ಮನೆ ಒಣಗಿದ್ದರೆ ಟ್ಯಾಂಕ್ ಖಾಲಿ, ಇಲ್ಲವೇ ಮೇಲಿನ ಮನೆಯವರು ತಮ್ಮ ಕೆಲಸಕ್ಕೆಂದು ನಿಮ್ಮ ವಾಲ್ವ್ ತಿರುಗಿಸಿ ಮರೆತು ಮಲಗಿದ್ದಾರೆ. ಇದರ ಜತೆಗೆ ಒಂದು ಫೋಟೋ ಕಳಿಸಿದರೆ, ಪೈಪು ಬಿಳಿಯೋ (ಯುಪಿವಿಸಿ, ತಣ್ಣೀರಿಗೆ), ಕೆನೆ ಬಣ್ಣವೋ (ಸಿಪಿವಿಸಿ, ಬಿಸಿನೀರಿಗೂ ಆಗುತ್ತದೆ), ಹಳೇ ಕಬ್ಬಿಣದ ಜಿಐ ಪೈಪೋ ಎಂದು ಒಂದು ಮಾತು ಸೇರಿಸಿದರೆ, ಬರುವವರು ಬೇಕಾದ ಸಾಮಾನು ಹಿಡಿದೇ ಬರುತ್ತಾರೆ. ಇಲ್ಲವಾದರೆ ಬಂದು, ನೋಡಿ, ‘ಮುಕ್ಕಾಲು ಇಂಚಾ? ನಾನು ಅರ್ಧ ಇಂಚು ಅನ್ಕೊಂಡೆ’ ಎಂದು ಗಾಡಿ ಏರಿ ಹೋಗುತ್ತಾರೆ. ಆಮೇಲೆ ಮತ್ತೆ ‘ಹತ್ತು ನಿಮಿಷ’.

ಜಾಲರಿ ಅಂದಾಗ ನೆನಪಾಯಿತು. 2024ರ ಮಾರ್ಚ್‌ನಲ್ಲಿ ಊರಿಗೆ ಊರೇ ನೀರಿಲ್ಲದೆ ಬಾಯಿ ಬಿಟ್ಟಾಗ, ಅಪಾರ್ಟ್‌ಮೆಂಟು, ಹೋಟೆಲು, ಕಚೇರಿಗಳ ನಲ್ಲಿಗಳಿಗೆ ಏರೇಟರ್ ಹಾಕಲೇಬೇಕು, ಗಡುವು ತಿಂಗಳ ಕೊನೆ ಎಂದು ಜಲಮಂಡಳಿ ಆದೇಶ ಮಾಡಿತು. ಒಳ್ಳೆಯ ಆದೇಶವೇ. ಏರೇಟರ್ ಎಂದರೆ ನೀರು ಉಳಿಸಲೆಂದು ನಲ್ಲಿಯ ಮೂತಿಗೆ ಕೈಯಲ್ಲೇ ತಿರುಗಿಸಿ ಕೂರಿಸುವ ಜಾಲರಿ ಬಿಲ್ಲೆ. ಬಿಗಿಯಾಗಿದ್ದರೆ ಬಟ್ಟೆ ಸುತ್ತಿ ಹಿಡಿದರಾಯಿತು. ಆದರೆ ‘ಆದೇಶ’ ಎಂಬ ಪದ ಕೇಳಿದ ಕೂಡಲೇ ಅಸೋಸಿಯೇಷನ್ನಿನವರಿಗೆ ಕೊಟೇಶನ್ ನೆನಪಾಗುತ್ತದೆ. ಮೂರು ಕೊಟೇಶನ್, ಎರಡು ಮೀಟಿಂಗ್, ಒಂದು ಜಗಳ ಮುಗಿಸಿ ಪ್ಲಂಬರನ್ನು ಹುಡುಕಲು ಹೊರಟರು. ಆ ಏರೇಟರಿಗೀಗ ಉಪ್ಪು ಕಟ್ಟಿದೆ, ಅದನ್ನು ಬಿಚ್ಚಲು ಮತ್ತೆ ಪ್ಲಂಬರ್ ಬೇಕಾಗಿದ್ದಾರೆ. ಬಿಚ್ಚಿ ಒಂದು ರಾತ್ರಿ ವಿನೆಗರಿನಲ್ಲಿ ನೆನೆಹಾಕಿ, ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದರೆ ಮುಗಿಯುವ ಕೆಲಸ ಎಂದರೆ ‘ನಮಗೇಕಪ್ಪ ಆ ರಿಸ್ಕು’ ಅನ್ನುತ್ತಾರೆ. ಇದೇ ಜನ ಯೂಟ್ಯೂಬ್ ನೋಡಿ ಷೇರು ವ್ಯಾಪಾರ ಮಾಡುತ್ತಾರೆ.

ಅಂತೂ ಒಂದು ದಿನ ಪ್ಲಂಬರ್ ಬರುತ್ತಾರೆ. ಒಳಗೆ ಬಂದವರು ಮೊದಲು ಹೇಳುವ ಮಂತ್ರ ಒಂದೇ: ‘ಯಾರು ಸಾರ್ ಈ ಕೆಲಸ ಮಾಡಿದ್ದು?’ ಇದಕ್ಕೆ ಉತ್ತರ ಕೊಡಬಾರದು. ಕೆಲವೊಮ್ಮೆ ಮೂರು ವರ್ಷದ ಹಿಂದೆ ಅವರೇ ಮಾಡಿರುತ್ತಾರೆ.

ಎರಡನೇ ಮಂತ್ರ, ‘ಇದು ಈಗ ಬರಲ್ಲ ಸಾರ್, ಫುಲ್ ಸೆಟ್ ಚೇಂಜ್ ಮಾಡ್ಬೇಕು.’ ಸೋರುವ ನಲ್ಲಿಯೊಳಗೆ ಕೆಟ್ಟಿರುವುದು ಬಹುತೇಕ ಒಂದು ರಬ್ಬರ್ ವಾಷರ್ ಅಥವಾ ಸ್ಪಿಂಡಲ್. ಕಾಲು ಸುತ್ತಿಗೇ ತೆರೆದುಕೊಳ್ಳುವ ಹೊಸ ಮಾದರಿಯಾದರೆ ಒಳಗಿರುವ ಸೆರಾಮಿಕ್ ಕಾರ್ಟ್ರಿಜ್. ಹಳೆಯದನ್ನು ಬಿಚ್ಚಿ ಕೈಯಲ್ಲಿ ಹಿಡಿದು ಹಾರ್ಡ್‌ವೇರ್ ಅಂಗಡಿಗೆ ಹೋದರೆ ಹಲ್ಲಿನ ಲೆಕ್ಕ, ಉದ್ದ ಹೊಂದಿಸಿ ಕೊಡುತ್ತಾರೆ. ಕೈಬೀಸಿಕೊಂಡು ಹೋಗಿ ‘ನಲ್ಲಿ ಒಳಗಡೆದು ಕೊಡಿ’ ಎಂದರೆ ಹೊಸ ನಲ್ಲಿಯನ್ನೇ ಕೊಡುತ್ತಾರೆ. ಸೆಕೆಂಡಿಗೊಂದು ಹನಿಯಂತೆ ದಿನಕ್ಕೆ 86,400 ಹನಿ ಬೀಳುವುದನ್ನು ಆರು ತಿಂಗಳು ತಪಸ್ಸಿನಂತೆ ಕೇಳಿಸಿಕೊಂಡವರು, ವಾಷರ್ ಬದಲಿಸುವ ಕೂಲಿ ಕೇಳಿದ ತಕ್ಷಣ ‘ಒಂದು ವಾಷರ್‌ಗೆ ಇಷ್ಟಾ?’ ಎಂದು ಎದ್ದು ಕೂರುತ್ತಾರೆ. ನೀರು ಸೋರುವಾಗ ‘ಅಣ್ಣಾ’, ನಿಂತ ಮೇಲೆ ‘ಏನಪ್ಪಾ’, ಬಿಲ್ ಕೇಳಿದ ಮೇಲೆ ‘ಏನಯ್ಯಾ’. ಸಂಬಂಧಗಳು ಸವೆಯುವ ವೇಗ ವಾಷರಿಗೂ ಇಲ್ಲ.

ಇನ್ನು ಕೆಲಸದ ಮಾತು. ಸಿಪಿವಿಸಿ ಪೈಪನ್ನು ನೇರವಾಗಿ ಕತ್ತರಿಸಿ, ಅಂಚಿನ ಸಿಪ್ಪೆ ಕೆರೆದು, ಒರೆಸಿ, ಪೈಪಿಗೂ ಫಿಟ್ಟಿಂಗಿಗೂ ಸಿಪಿವಿಸಿಯದ್ದೇ ಸಾಲ್ವೆಂಟ್ (ಪೈಪಿನ ಅಂಟು) ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ಒಳಕ್ಕೆ ತಳ್ಳಿ, ಅರ್ಧ ನಿಮಿಷ ಅದುಮಿ ಹಿಡಿದು, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಟ್ಟು ಆಮೇಲೆ ನೀರು ಬಿಡಬೇಕು. ನಡೆಯುವುದು ಹೀಗೆ: ಹ್ಯಾಕ್ಸಾ ಬ್ಲೇಡಿನಲ್ಲಿ ಓರೆಯಾಗಿ ಕೊಯ್ದು, ಚೀಲದಲ್ಲಿ ಮುಚ್ಚಳ ತೆರೆದಿದ್ದ ಯಾವುದೋ ಸಾಲ್ವೆಂಟ್ ಬಳಿದು, ಎರಡು ನಿಮಿಷಕ್ಕೇ ‘ಒಂದ್ಸಲ ವಾಲ್ವ್ ಬಿಡೋ ನೋಡೋಣ’ ಎಂದು ಮೇಲಿರುವ ಹುಡುಗನಿಗೆ ಕೂಗುವುದು. ಆ ‘ಒಂದ್ಸಲ ನೋಡೋಣ’ದಲ್ಲೇ ಹಸಿ ಜಾಯಿಂಟಿನೊಳಗೆ ನೀರು ದಾರಿ ಮಾಡಿಕೊಳ್ಳುತ್ತದೆ. ನೀವು ‘ಬೇಗ ಮುಗಿಸಿ, ಆಫೀಸಿಗೆ ಹೋಗ್ಬೇಕು’ ಎಂದು ಪಕ್ಕದಲ್ಲಿ ನಿಂತು ಗಡಿಯಾರ ನೋಡುತ್ತಿದ್ದಿರಿ ಎಂಬುದನ್ನು ಈ ಪ್ರಕರಣದಲ್ಲಿ ಯಾರೂ ಸಾಕ್ಷಿ ಹೇಳುವುದಿಲ್ಲ.

ಗೀಸರ್ ಜಾಯಿಂಟಿನದು ಇನ್ನೊಂದು ಕತೆ. ಪ್ಲಾಸ್ಟಿಕ್ ಮರೆಯನ್ನು (ಮರೆ ಎಂದರೆ ತಿರುಪಿನ ಹಲ್ಲು) ಕಬ್ಬಿಣದ ಮೂತಿಗೆ ನೇರ ತಿರುಗಿಸಬಾರದು, ಒಳಗೆ ಹಿತ್ತಾಳೆ ಇರುವ ಫಿಟ್ಟಿಂಗ್ ಬೇಕು. ಟೆಫ್ಲಾನ್ ಟೇಪನ್ನು ಮರೆ ತಿರುಗುವ ದಿಕ್ಕಿಗೇ ಸುತ್ತಬೇಕು, ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗ ಬಿಚ್ಚಿಕೊಂಡು ಮುದುರುತ್ತದೆ. ಆದರೆ ನಮ್ಮಲ್ಲಿ ಟೇಪು ಸುತ್ತುವುದು ಅರಳಿಕಟ್ಟೆಗೆ ದಾರ ಸುತ್ತಿದ ಹಾಗೆ, ಭಕ್ತಿ ಹೆಚ್ಚಾದಷ್ಟೂ ಸುತ್ತು ಹೆಚ್ಚು. ಅದರ ಮೇಲೆ ‘ಲೀಕ್ ಆಗಬಾರದು’ ಎಂದು ಸ್ಪ್ಯಾನರ್ ಹಿಡಿದು ಇನ್ನೊಂದು ಸುತ್ತು. ಅವತ್ತು ಸೋರುವುದಿಲ್ಲ. ಬಿಸಿ ತಣ್ಣಗೆ ಬಿಸಿ ತಣ್ಣಗೆ ಆಗಿ ಆಗಿ, ಯಾವುದೋ ಚಳಿಗಾಲದ ಬೆಳಗ್ಗೆ ಗೆರೆ ಬಿಡುತ್ತದೆ. ಗೆರೆ ಬಿಟ್ಟಾಗ ಬರುವುದು ಎಂ-ಸೀಲ್, ಕಲಸಿ ಮೆತ್ತುವ ಅಂಟು. ಅದು ಒಣಗಿದ, ಉಜ್ಜಿ ಚೊಕ್ಕ ಮಾಡಿದ ಜಾಗದಲ್ಲಿ ಮಾತ್ರ ಹಿಡಿಯುತ್ತದೆ. ನೀರು ಜಿನುಗುತ್ತಿರುವಾಗಲೇ ಮೆತ್ತಿದರೆ ಒಳಗಿನ ಒತ್ತಡಕ್ಕೆ ಬೆಣ್ಣೆಯಂತೆ ಜಾರುತ್ತದೆ. ಆದರೂ ಎಷ್ಟೋ ಮನೆಗಳ ಬಚ್ಚಲಲ್ಲಿ ಹುತ್ತ ಬೆಳೆದಂತೆ ಪದರ ಪದರವಾಗಿ ಎಂ-ಸೀಲ್ ಬೆಳೆದಿದೆ. ನಾಗರಪಂಚಮಿಗೆ ಹಾಲು ಎರೆಯುವುದೊಂದು ಬಾಕಿ.

ಯಾರೂ ಬಳಸದ ಅತಿಥಿ ಬಚ್ಚಲು ನಾರುತ್ತದೆ ಎಂದು ಪ್ಲಂಬರನ್ನು ಕರೆದರೆ ‘ಫ್ಲೋರ್ ಒಡೀಬೇಕು’ ಎಂಬ ತೀರ್ಪು ಬರಬಹುದು. ಒಡೆಸುವ ಮುನ್ನ ನಹಾನಿ ಟ್ರ್ಯಾಪಿಗೆ (ಬಚ್ಚಲ ನೆಲದ ಜಾಲರಿಯ ಕೆಳಗಿರುವ ಬಾಗಿದ ಕೊಳವೆ) ಒಂದು ತಂಬಿಗೆ ನೀರು ಹೊಯ್ಯಿರಿ. ಅದರ ಬಾಗಿನಲ್ಲಿ ಎರಡು ಇಂಚು ನೀರು ನಿಂತು ಚರಂಡಿ ಗಾಳಿಯನ್ನು ತಡೆಯಬೇಕು. ಯಾರೂ ಸ್ನಾನ ಮಾಡದಿದ್ದರೆ ಅದು ಆರಿ, ವಾಸನೆ ಮತ್ತು ಜಿರಲೆ ಒಟ್ಟಿಗೇ ಮೇಲೆ ಬರುತ್ತವೆ. ಕಮೋಡಿನ ಫ್ಲಶ್ ಟ್ಯಾಂಕ್ ಸದ್ದಿಲ್ಲದೆ ಸೋರುತ್ತಿದೆಯೇ ಎಂದು ನೋಡಲು ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಟ್ಯಾಂಕಿಗೆ ಬಿಟ್ಟು, ಅರ್ಧ ಗಂಟೆ ಫ್ಲಶ್ ಮಾಡದೆ ಕಾಯಿರಿ. ಕೆಳಗಿನ ಬೋಗುಣಿ ನೀಲಿಯಾದರೆ ಒಳಗಿನ ರಬ್ಬರ್ ಹೋಗಿದೆ ಎಂದರ್ಥ. ಇಷ್ಟು ಪತ್ತೇದಾರಿಕೆಗೆ ವಿಸಿಟಿಂಗ್ ಚಾರ್ಜ್ ಬೇಕಿಲ್ಲ.

ನಿಜವಾದ ಪ್ರಹಸನ ನಡೆಯುವುದು ರಾತ್ರಿ ಹನ್ನೊಂದಕ್ಕೆ, ಪೈಪು ಒಡೆದಾಗ. ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಪ್ಲಂಬರುಗಳ ನಂಬರ್ ಕಳಿಸುತ್ತಾರೆ. ಒಬ್ಬರು ಕೈಮುಗಿದ ಇಮೋಜಿ ಕಳಿಸುತ್ತಾರೆ. ಯಾವ ವಾಲ್ವ್ ತಿರುಗಿಸಿದರೆ ನೀರು ನಿಲ್ಲುತ್ತದೆ ಎಂಬುದು ಮಾತ್ರ ಒಬ್ಬರಿಗೂ ಗೊತ್ತಿಲ್ಲ. ತಾರಸಿಯಲ್ಲಿ ಏಳೆಂಟು ವಾಲ್ವ್ ಇವೆ, ಒಂದಕ್ಕೂ ಹೆಸರಿಲ್ಲ. ಹತ್ತು ವರ್ಷ ಮುಟ್ಟದ ಗೇಟ್ ವಾಲ್ವಿನ ಚಕ್ರ ತಿರುಗುತ್ತದೆ, ಒಳಗಿನ ಬಾಗಿಲು ಇಳಿಯುವುದಿಲ್ಲ. ಉಪ್ಪು, ತುಕ್ಕು ಅದನ್ನು ಹಿಡಿದುಕೊಂಡಿರುತ್ತದೆ. ಬೇಕಾಗಿದ್ದದ್ದು ಒಂದು ಪುಟ್ಟ ಡಬ್ಬಿ ಆಯಿಲ್ ಪೇಂಟು, ‘301 ಅಡುಗೆಮನೆ’, ‘301 ಬಚ್ಚಲು’ ಎಂದು ಬರೆಯಲು. ಮತ್ತೆ ಮೂರು ತಿಂಗಳಿಗೊಮ್ಮೆ ಎಲ್ಲವನ್ನೂ ತಿರುಗಿಸಿ ನೋಡುವ ಒಬ್ಬ ಮನುಷ್ಯ. ಹಾಳಾದದ್ದನ್ನು ಕಾಲು ಸುತ್ತಿನ ಬಾಲ್ ವಾಲ್ವಿಗೆ ಬದಲಿಸಿದರೆ ಇನ್ನೂ ವಾಸಿ. ಗೇಟಿನ ಮುಂದೆ ಸಿಮೆಂಟಿನ ಎರಡು ಸಿಂಹ ಕೂರಿಸಲು ಸರ್ವಾನುಮತದ ನಿರ್ಣಯ ಮಾಡಿದ ಸಭೆಯಲ್ಲಿ ಈ ವಿಷಯ ಅಜೆಂಡಾದಲ್ಲಿ ಇರಲಿಲ್ಲ.

ಮನೆ ಕಟ್ಟುವಾಗಲೂ ಅಷ್ಟೆ. ಗೃಹಪ್ರವೇಶಕ್ಕೆ ಹಸು ಒಳಗೆ ಬರುತ್ತದೆ, ಪ್ರೆಶರ್ ಟೆಸ್ಟ್ ಪಂಪು ಬರುವುದಿಲ್ಲ. ಟೈಲ್ಸ್ ಅಂಟಿಸುವ ಮೊದಲು ಎಲ್ಲ ಪಾಯಿಂಟಿಗೂ ಡಮ್ಮಿ (ಮುಚ್ಚಳ) ಹಾಕಿ, ಕೈಪಂಪಿನಿಂದ ಪೈಪಿಗೆ ಒತ್ತಡ ತುಂಬಿ, ಮೀಟರಿನ ಮುಳ್ಳು ಇಳಿಯುತ್ತದೆಯೇ ಎಂದು ರಾತ್ರಿಯಿಡೀ ಬಿಟ್ಟು ನೋಡಿದರೆ, ಮುಂದೆ ಕೆಳಗಿನ ಮನೆಯವರ ಚಾವಣಿಯಲ್ಲಿ ನಕಾಶೆ ಮೂಡುವುದಿಲ್ಲ. ಅದೇ ದಿನ ಗೋಡೆಗೆ ಅಳತೆ ಟೇಪು ಹಿಡಿದು ಫೋಟೋ ತೆಗೆದಿಟ್ಟುಕೊಂಡರೆ, ಮುಂದೆ ಕನ್ನಡಿಗೆ ಮೊಳೆ ಹೊಡೆಯುವಾಗ ಕಾರಂಜಿ ಚಿಮ್ಮುವುದಿಲ್ಲ. ಇದಾವುದೂ ಇಲ್ಲದ ಮನೆಯಲ್ಲಿ ಗೋಡೆ ಒದ್ದೆಯಾದರೆ ಪ್ಲಂಬರ್ ‘ಟೈಲ್ಸ್‌ನವರ ತಪ್ಪು’ ಅನ್ನುತ್ತಾರೆ, ಟೈಲ್ಸ್‌ನವರು ‘ವಾಟರ್‌ಪ್ರೂಫಿಂಗ್ ಮಾಡಿಲ್ಲ’ ಅನ್ನುತ್ತಾರೆ, ಬಿಲ್ಡರ್ ಫೋನೇ ಎತ್ತುವುದಿಲ್ಲ.

ನಂಬಿಕಸ್ಥ ಪ್ಲಂಬರ್ ಎಲ್ಲಿ ಸಿಗುತ್ತಾರೆ ಎಂದು ಕೇಳುವವರು, ಅವರು ಎಲ್ಲಿ ತಯಾರಾಗುತ್ತಾರೆ ಎಂದು ಕೇಳುವುದಿಲ್ಲ. ಒಡಿಶಾದ ಕೇಂದ್ರಪಾಡಾ ಜಿಲ್ಲೆ ಪ್ಲಂಬರುಗಳಿಗೆ ದೇಶದಲ್ಲೇ ಹೆಸರಾದ ಸೀಮೆ. ಅಲ್ಲಿನ ಪಟ್ಟಾಮುಂಡೈನಲ್ಲಿ ಪ್ಲಂಬಿಂಗ್ ಕಲಿಸಲೆಂದೇ ಒಂದು ಸರ್ಕಾರಿ ಸಂಸ್ಥೆ ಇದೆ. ನಮ್ಮ ಐಟಿಐಗಳಲ್ಲೂ ಒಂದು ವರ್ಷದ ಪ್ಲಂಬರ್ ಕೋರ್ಸು ಇದೆ. ಆದರೆ ನಮ್ಮ ಮನೆಗಳಲ್ಲಿ ಪ್ಲಂಬರ್ ಎಂಬ ಪದ ಕಿವಿಗೆ ಬೀಳುವುದು ಎರಡೇ ಸಂದರ್ಭದಲ್ಲಿ. ಪಿಯುಸಿ ಫಲಿತಾಂಶದ ದಿನ, ‘ಓದದಿದ್ರೆ ಪ್ಲಂಬರ್ ಆಗ್ತೀಯ ನೋಡು’ ಎಂದು. ಸಂಪು ತುಂಬಿ ಮನೆಯೊಳಗೆ ನೀರು ನುಗ್ಗಿದ ದಿನ, ‘ದಯವಿಟ್ಟು ಬನ್ನಿ ಅಣ್ಣಾ, ನಿಮ್ಮನ್ನೇ ನಂಬಿದೀನಿ’ ಎಂದು. ಓದಿದ ಮಗ ಆಗ ಪಕ್ಕದ ಕೋಣೆಯಲ್ಲಿ ಲ್ಯಾಪ್‌ಟಾಪನ್ನು ಮಂಚದ ಮೇಲಕ್ಕೆ ಎತ್ತಿಡುತ್ತಿರುತ್ತಾನೆ.

ಸಿಕ್ಕವರನ್ನು ಉಳಿಸಿಕೊಳ್ಳುವ ದಾರಿ ಇಷ್ಟೆ. ಮೊದಲು ಒಂದು ಹೆಲ್ತ್ ಫಾಸೆಟ್ ಬದಲಿಸುವಂಥ ಸಣ್ಣ ಕೆಲಸ ಕೊಟ್ಟು ನೋಡಿ, ಬಾತ್‌ರೂಮ್ ಒಡೆಯುವ ಕೆಲಸವನ್ನೇ ಮೊದಲು ಕೊಡಬೇಡಿ. ಬಂದು ನೋಡುವ ದುಡ್ಡು, ಕೂಲಿ, ಸಾಮಾನು ಮೂರನ್ನೂ ಬೇರೆ ಬೇರೆಯಾಗಿ ಕೇಳಿ. ಸಾಮಾನಿನ ದುಡ್ಡು ಅಂಗಡಿಗೇ ಕೊಟ್ಟು ಬಿಲ್ ಇಟ್ಟುಕೊಳ್ಳಿ, ವಾರಂಟಿ ಇರುವುದು ಆ ಚೀಟಿಯಲ್ಲಿ. ಕೆಲಸ ಮುಗಿದ ಮೇಲೆ ಜಾಯಿಂಟಿನ ಸುತ್ತ ಒಣ ಟಿಶ್ಯೂ ಕಾಗದ ಸುತ್ತಿ ಹತ್ತು ನಿಮಿಷ (ಗಡಿಯಾರದ ಹತ್ತು ನಿಮಿಷ) ನೀರು ಬಿಟ್ಟು ನೋಡಿ. ಕಣ್ಣಿಗೆ ಕಾಣದ ಜಿನುಗು ಕಾಗದಕ್ಕೆ ಕಾಣುತ್ತದೆ. ಅದು ಒಣಗಿದ್ದರೆ ಹೇಳಿದ ದುಡ್ಡನ್ನು ಚೌಕಾಸಿ ಮಾಡದೆ ಕೊಟ್ಟು, ಒಂದು ಲೋಟ ಕಾಫಿಯನ್ನೂ ಕೊಡಿ. ಮುಂದಿನ ಸಲ ನಿಮ್ಮ ಹೆಸರು ಫೋನಿನಲ್ಲಿ ಮೂಡಿದಾಗ ಅವರ ಬೆರಳು ಎಲ್ಲಿಗೆ ಹೋಗಬೇಕು ಎಂಬುದು ಆ ಕಾಫಿಯಲ್ಲಿ ತೀರ್ಮಾನವಾಗುತ್ತದೆ.

ಇದೆಲ್ಲ ಓದಿ, ಫೋಟೋ ಕಳಿಸಿ, ಇಂಚು ಹೇಳಿ, ವಾಲ್ವಿಗೆ ಬಣ್ಣ ಬಳಿದು ಕಾದು ಕೂತಿರುತ್ತೀರಿ. ಮೂರನೇ ದಿನ ಮಧ್ಯಾಹ್ನ ಬೆಲ್ ಆಗುತ್ತದೆ. ಪ್ಲಂಬರ್ ಬಂದೇ ಬಿಟ್ಟರು! ಬೇಸಿನ್ನಿನ ಕೆಳಗೆ ಬಗ್ಗಿ, ಟಾರ್ಚ್ ಬಿಟ್ಟು, ಆಂಗಲ್ ಕಾಕ್ ತಿರುಗಿಸುತ್ತಾರೆ. ಹುಸ್ ಎಂದು ಗಾಳಿ ಬರುತ್ತದೆ. ಮೂರು ದಿನ ಸೋರಿ ಟ್ಯಾಂಕು ಬರಿದಾಗಿದೆ, ಸಂಪಿನಲ್ಲಿ ತಳದ ಕೆಸರು, ಕಾವೇರಿ ಬರುವ ಸರದಿ ನಾಡಿದ್ದು.

‘ನೀರೇ ಇಲ್ವಲ್ಲ ಸಾರ್, ಲೀಕ್ ಎಲ್ಲಿದೆ ಅಂತ ಹೆಂಗೆ ಹುಡುಕ್ಲಿ? ನೀರು ಬಂದ ದಿನ ಒಂದು ಫೋನ್ ಮಾಡಿ, ಹತ್ತು ನಿಮಿಷದಲ್ಲಿ ಬರ್ತೀನಿ.’